ಮಿಂಚಂಚೆ ರವಾನೆಯ ಡಿಎನ್‌ಎಸ್ ದಾಖಲೆಗಳು

ಮಿಂಚಂಚೆ ರವಾನೆಯ ಡಿಎನ್‌ಎಸ್ ದಾಖಲೆಗಳು ಎಂದರೆ ಒಂದು ಡೊಮೈನ್ ಹೆಸರಿಗೆ ಬರುವ ಮಿಂಚಂಚೆಯನ್ನು ಯಾವ ಸರ್ವರ್ ಸ್ವೀಕರಿಸಬೇಕು ಮತ್ತು ಆ ಹೆಸರಿನಲ್ಲಿ ಮಿಂಚಂಚೆ ಕಳುಹಿಸುವ ಅಧಿಕಾರ ಯಾವ ಸರ್ವರ್‌ಗಳಿಗೆ ಇದೆ ಎಂಬುದನ್ನು ತಿಳಿಸುವ ಸಾರ್ವಜನಿಕ ನಮೂದುಗಳು. ಅಂತರಜಾಲದ ಹೆಸರುಗಳನ್ನು ಸಂಖ್ಯಾರೂಪದ ಐಪಿ ವಿಳಾಸಗಳೊಡನೆ ಜೋಡಿಸುವ ಡೊಮೈನ್ ನೇಮ್ ಸಿಸ್ಟಮ್ ಎಂಬ ವ್ಯವಸ್ಥೆಯ ಸಂಕ್ಷಿಪ್ತ ರೂಪವೇ ಡಿಎನ್‌ಎಸ್. ಮಿಂಚಂಚೆಗೆ ಸಂಬಂಧಿಸಿದಂತೆ ಇದರಲ್ಲಿ ಎಂಎಕ್ಸ್, ಎ, ಪಿಟಿಆರ್, ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ಎಂಬ ಆರು ಬಗೆಯ ದಾಖಲೆಗಳು ಮುಖ್ಯವಾಗಿವೆ.

ಈ ದಾಖಲೆಗಳು ತಪ್ಪಾಗಿದ್ದರೆ ಸಂದೇಶವು ಕಳುಹಿಸಿದವರಿಗೇ ಮರಳಬಹುದು, ದಿನಗಟ್ಟಲೆ ತಡವಾಗಬಹುದು, ಅಥವಾ ಸ್ವೀಕರಿಸುವವರ ಸ್ಪ್ಯಾಮ್ ಪೆಟ್ಟಿಗೆಗೆ ಸೇರಬಹುದು. ಮೂರನೆಯ ಸ್ಥಿತಿಯಲ್ಲಿ ಕಳುಹಿಸಿದವರಿಗೆ ಯಾವ ಸೂಚನೆಯೂ ದೊರೆಯುವುದಿಲ್ಲವಾದ್ದರಿಂದ ಅದೇ ಹೆಚ್ಚು ಹಾನಿಕರವಾದುದು. ದೋಷವನ್ನು ಸರಿಪಡಿಸುವ ಅಧಿಕಾರವು ಒಬ್ಬರ ಕೈಯಲ್ಲಿಯೇ ಇರುವುದಿಲ್ಲ: ಡೊಮೈನ್‌ನ ದಾಖಲೆಗಳು ಅದರ ಒಡೆಯನ ವಶದಲ್ಲಿಯೂ, ಐಪಿ ವಿಳಾಸದ ದಾಖಲೆಯು ಅಂತರಜಾಲ ಸೇವಾದಾತನ ವಶದಲ್ಲಿಯೂ, ಸಂದೇಶವನ್ನು ಒಪ್ಪುವ ಅಥವಾ ನಿರಾಕರಿಸುವ ನಿರ್ಧಾರವು ಸ್ವೀಕರಿಸುವ ಸರ್ವರ್‌ನ ವಶದಲ್ಲಿಯೂ ಇರುತ್ತದೆ. ಆದುದರಿಂದ ದೋಷವು ಈ ಮೂರರಲ್ಲಿ ಯಾರ ವ್ಯಾಪ್ತಿಗೆ ಸೇರಿದೆ ಎಂದು ನಿರ್ಧರಿಸುವುದು ದೋಷ ಪತ್ತೆಯ ಮುಖ್ಯ ಭಾಗವಾಗಿದೆ.

ಇತಿಹಾಸ

ಅಂತರಜಾಲದ ಆರಂಭದ ವರ್ಷಗಳಲ್ಲಿ ಎಲ್ಲ ಗಣಕಯಂತ್ರಗಳ ಹೆಸರು ಮತ್ತು ವಿಳಾಸಗಳನ್ನು ಅಮೆರಿಕದ ಒಂದು ಕೇಂದ್ರದಲ್ಲಿ ಒಂದೇ ಕಡತದಲ್ಲಿ ಬರೆದಿಡಲಾಗುತ್ತಿತ್ತು. ಯಂತ್ರಗಳ ಸಂಖ್ಯೆ ಬೆಳೆದಂತೆ ಈ ಪದ್ಧತಿಯು ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಹೆಸರುಗಳ ಜವಾಬ್ದಾರಿಯನ್ನು ಅನೇಕರಿಗೆ ಹಂಚಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ಅದಕ್ಕೆ ತಳಹದಿಯಾಗಿರುವ ಆರ್‌ಎಫ್‌ಸಿ 1034 ಮತ್ತು 1035 ಎಂಬ ಪ್ರಮಾಣಪತ್ರಗಳು 1987ರ ನವೆಂಬರ್‌ನಲ್ಲಿ ಪ್ರಕಟವಾದವು. ಮಿಂಚಂಚೆಯನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಒಯ್ಯುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಅವರು 1982ರಲ್ಲಿ ಬರೆದರು. ಎಂಎಕ್ಸ್ ದಾಖಲೆಗಳನ್ನು ಬಳಸಿ ಮಿಂಚಂಚೆಗೆ ದಾರಿ ಹುಡುಕುವ ಕ್ರಮವನ್ನು 1986ರ ಜನವರಿಯಲ್ಲಿ ಕ್ರೇಗ್ ಪಾರ್ಟ್ರಿಜ್ ಅವರು ಆರ್‌ಎಫ್‌ಸಿ 974ರಲ್ಲಿ ವಿವರಿಸಿದರು.

ಭಾರತದಲ್ಲಿ ಮಿಂಚಂಚೆಯ ಬಳಕೆಯು 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲದೊಡನೆ ಬೆಳೆಯಿತು. ಭಾರತ ಸರ್ಕಾರ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ನಡೆದ ಈ ಯೋಜನೆಯಲ್ಲಿ ಆರಂಭದಿಂದಲೂ ಪಾಲ್ಗೊಂಡ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಭಾರತದ ರಾಷ್ಟ್ರ ಸಂಕೇತವಾದ ‘ಡಾಟ್ ಇನ್’ 1989ರಲ್ಲಿ ಡಿಎನ್‌ಎಸ್‌ಗೆ ಸೇರಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅಂತರಜಾಲ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. 2005ರಿಂದ ‘ಡಾಟ್ ಇನ್’ ನೋಂದಣಿಯನ್ನು ನಿಕ್ಸಿ ಎಂಬ ಸಂಸ್ಥೆಯು ನಿರ್ವಹಿಸುತ್ತಿದೆ.

ವಿಜ್ಞಾನ ಸಂಸ್ಥೆಯ ಹಳೆಯ ಸಂಶೋಧನಾ ಲೇಖನಗಳಲ್ಲಿ ಲೇಖಕರ ವಿಳಾಸಗಳು ‘ಅರ್ನೆಟ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತವೆ. ಈಚಿನ ಲೇಖನಗಳಲ್ಲಿ ಅವು ‘ಎಸಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತವೆ. ಸಂಸ್ಥೆ ಅದೇ, ಆವರಣ ಅದೇ, ವಿಳಾಸ ಮಾತ್ರ ಬೇರೆ. ಮುದ್ರಣಗೊಂಡ ವಿಳಾಸವನ್ನು ತಿದ್ದಲು ಸಾಧ್ಯವಿಲ್ಲ. ಹೀಗೆ ಹೆಸರು ಬದಲಾದಾಗ ಹಳೆಯ ವಿಳಾಸಕ್ಕೆ ಬರೆದ ಪತ್ರವು ತಲುಪುವುದೇ ಇಲ್ಲವೇ ಎಂಬುದು ಹಳೆಯ ಹೆಸರಿನ ಡಿಎನ್‌ಎಸ್ ದಾಖಲೆಗಳನ್ನು ಎಷ್ಟು ಕಾಲ ಉಳಿಸಿಕೊಳ್ಳಲಾಗುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ.

ಕಾರ್ಯವಿಧಾನ

ಡೊಮೈನ್ ಹೆಸರಿನ ರಚನೆಯು ಅಂಚೆ ವಿಳಾಸದ ರಚನೆಯನ್ನು ಹೋಲುತ್ತದೆ. ದಕ್ಷಿಣ ಬೆಂಗಳೂರಿನ ಅರೆಕೆರೆಯ ಒಂದು ಮನೆಗೆ ಪತ್ರ ಬರೆಯುವಾಗ ಮನೆಯ ಸಂಖ್ಯೆ, ಅಡ್ಡರಸ್ತೆ, ಬಡಾವಣೆ, ನಗರ, ರಾಜ್ಯ ಎಂಬ ಕ್ರಮದಲ್ಲಿ ಚಿಕ್ಕದರಿಂದ ದೊಡ್ಡದರತ್ತ ಬರೆಯಲಾಗುತ್ತದೆ. ಅಂಚೆ ಇಲಾಖೆಯಾದರೋ ಅದನ್ನು ಕೊನೆಯಿಂದ ಓದಿ ಮೊದಲು ರಾಜ್ಯವನ್ನು, ಆಮೇಲೆ ನಗರವನ್ನು, ಕೊನೆಯಲ್ಲಿ ಮನೆಯನ್ನು ಹುಡುಕುತ್ತದೆ. ಡಿಎನ್‌ಎಸ್ ಕೂಡ ಹೆಸರನ್ನು ಬಲದಿಂದ ಎಡಕ್ಕೆ ಓದುತ್ತದೆ.

ಈ ಲೇಖನದಲ್ಲಿ ಉದಾಹರಣೆಗಾಗಿ ಅರೆಕೆರೆಯಲ್ಲಿ ಒಂದು ಶಾಲೆಯಿದ್ದು, ಅದರ ಡೊಮೈನ್ ಹೆಸರು ‘ಮಾದರಿಶಾಲೆ.ಭಾರತ’ ಎಂದು ಕಲ್ಪಿಸಿಕೊಳ್ಳಲಾಗಿದೆ. ಪೋಷಕರೊಬ್ಬರು ಈ ಶಾಲೆಗೆ ಸಂದೇಶ ಕಳುಹಿಸಿದಾಗ ಕೆಳಗಿನ ಕ್ರಿಯೆಗಳು ನಡೆಯುತ್ತವೆ:

1. ಕಳುಹಿಸುವ ಸರ್ವರ್ ‘ಭಾರತ’ ಎಂಬ ತುದಿಯ ಹೆಸರನ್ನು ನಿರ್ವಹಿಸುವವರ ಮೂಲಕ ‘ಮಾದರಿಶಾಲೆ’ಯ ನೇಮ್ ಸರ್ವರ್ ಯಾವುದೆಂದು ತಿಳಿಯುತ್ತದೆ.
2. ಆ ನೇಮ್ ಸರ್ವರನ್ನು ಕೇಳಿ ಎಂಎಕ್ಸ್ ದಾಖಲೆಯನ್ನು, ಅಂದರೆ ಮಿಂಚಂಚೆ ಸ್ವೀಕರಿಸುವ ಸರ್ವರ್‌ನ ಹೆಸರನ್ನು ಪಡೆಯುತ್ತದೆ.
3. ಆ ಹೆಸರಿನ ಎ ದಾಖಲೆಯಿಂದ ಐಪಿ ವಿಳಾಸವನ್ನು ಪಡೆಯುತ್ತದೆ.
4. ಆ ವಿಳಾಸದ 25ನೆಯ ಪೋರ್ಟ್‌ಗೆ ಸಂಪರ್ಕ ಬೆಳೆಸಿ ಸಂದೇಶವನ್ನು ಒಪ್ಪಿಸುತ್ತದೆ.
5. ಸ್ವೀಕರಿಸುವ ಸರ್ವರ್ ತನ್ನ ಪಾಲಿಗೆ ಕಳುಹಿಸಿದವರ ಪಿಟಿಆರ್, ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ದಾಖಲೆಗಳನ್ನು ಪರೀಕ್ಷಿಸಿ ಸಂದೇಶವನ್ನು ಒಪ್ಪುತ್ತದೆ ಅಥವಾ ನಿರಾಕರಿಸುತ್ತದೆ.

ಮೊದಲ ನಾಲ್ಕು ಹೆಜ್ಜೆಗಳು ಸ್ವೀಕರಿಸುವವರ ದಾಖಲೆಗಳನ್ನೂ ಐದನೆಯದು ಕಳುಹಿಸುವವರ ದಾಖಲೆಗಳನ್ನೂ ಅವಲಂಬಿಸಿವೆ. ಶಾಲೆಗೆ ಪತ್ರಗಳು ಬರುತ್ತಿಲ್ಲವೆಂದರೆ ಎಂಎಕ್ಸ್ ಮತ್ತು ಎ ದಾಖಲೆಗಳನ್ನೂ, ಶಾಲೆ ಕಳುಹಿಸಿದ ಪತ್ರಗಳು ತಲುಪುತ್ತಿಲ್ಲವೆಂದರೆ ಉಳಿದ ನಾಲ್ಕನ್ನೂ ಮೊದಲು ನೋಡಬೇಕಾಗುತ್ತದೆ.

ದಾಖಲೆಗಳ ವಿಧಗಳು

ಎಂಎಕ್ಸ್ ಮತ್ತು ಎ ದಾಖಲೆ

ಎಂಎಕ್ಸ್ ದಾಖಲೆಯಲ್ಲಿ ಒಂದು ಆದ್ಯತಾ ಸಂಖ್ಯೆ ಮತ್ತು ಒಂದು ಸರ್ವರ್‌ನ ಹೆಸರು ಇರುತ್ತವೆ. ಒಂದಕ್ಕಿಂತ ಹೆಚ್ಚು ದಾಖಲೆಗಳಿದ್ದರೆ ಕಡಿಮೆ ಸಂಖ್ಯೆಯುಳ್ಳ ಸರ್ವರನ್ನು ಮೊದಲು ಪ್ರಯತ್ನಿಸಲಾಗುತ್ತದೆ. ಎಂಎಕ್ಸ್ ದಾಖಲೆಯಲ್ಲಿ ಹೆಸರನ್ನೇ ಬರೆಯಬೇಕು. ಐಪಿ ವಿಳಾಸವನ್ನು ಬರೆದರೆ ಅದು ಅಸಿಂಧುವಾಗುತ್ತದೆ. ಆ ಹೆಸರಿಗೆ ನೇರವಾಗಿ ಎ ದಾಖಲೆ, ಅಥವಾ ಐಪಿ ಆರನೆಯ ಆವೃತ್ತಿಯ ಎಎಎಎ ದಾಖಲೆ ಇರಬೇಕು. ಒಂದು ಹೆಸರನ್ನು ಮತ್ತೊಂದು ಹೆಸರಿನತ್ತ ತಿರುಗಿಸುವ ಸಿನೇಮ್ ದಾಖಲೆಯನ್ನು ಅಲ್ಲಿ ಬಳಸಬಾರದೆಂದು 1997ರ ಆರ್‌ಎಫ್‌ಸಿ 2181 ಸ್ಪಷ್ಟಪಡಿಸಿದೆ.

ಎಂಎಕ್ಸ್ ದಾಖಲೆಯೇ ಇಲ್ಲದಿದ್ದಾಗ ಕಳುಹಿಸುವ ಸರ್ವರ್ ಡೊಮೈನ್‌ನ ಎ ದಾಖಲೆಯ ವಿಳಾಸಕ್ಕೇ ಸಂದೇಶವನ್ನು ಒಯ್ಯುತ್ತದೆ. ಸಾಮಾನ್ಯವಾಗಿ ಅದು ಜಾಲತಾಣವಿರುವ ಸರ್ವರ್ ಆಗಿರುತ್ತದೆ. ಮಿಂಚಂಚೆಯನ್ನು ಸ್ವೀಕರಿಸಲು ಇಚ್ಛಿಸದ ಡೊಮೈನ್ ಒಂದು ತನ್ನ ನಿರಾಕರಣೆಯನ್ನು ಸಾರುವ ಶೂನ್ಯ ಎಂಎಕ್ಸ್ ದಾಖಲೆಯನ್ನು 2015ರ ಆರ್‌ಎಫ್‌ಸಿ 7505 ನಿರೂಪಿಸಿದೆ.

ಪಿಟಿಆರ್ ದಾಖಲೆ

ಎ ದಾಖಲೆಯು ಹೆಸರಿನಿಂದ ವಿಳಾಸವನ್ನು ತಿಳಿಸಿದರೆ ಪಿಟಿಆರ್ ದಾಖಲೆಯು ವಿಳಾಸದಿಂದ ಹೆಸರನ್ನು ತಿಳಿಸುತ್ತದೆ. ಕಳುಹಿಸುವ ಸರ್ವರ್‌ನ ಐಪಿ ವಿಳಾಸದಿಂದ ದೊರೆತ ಹೆಸರು ಮತ್ತೆ ಅದೇ ವಿಳಾಸಕ್ಕೆ ಮರಳಬೇಕೆಂದು ದೊಡ್ಡ ಸೇವಾದಾತರು ಅಪೇಕ್ಷಿಸುತ್ತಾರೆ. ಈ ದಾಖಲೆಯನ್ನು ಡೊಮೈನ್‌ನ ಒಡೆಯನು ತನ್ನ ನಿಯಂತ್ರಣ ಪುಟದಲ್ಲಿ ಬರೆದರೆ ಪ್ರಯೋಜನವಿಲ್ಲ. ಐಪಿ ವಿಳಾಸವನ್ನು ಹಂಚಿದ ಸೇವಾದಾತನೇ ಬರೆಯಬೇಕು, ಅಥವಾ ಬರೆಯುವ ಅವಕಾಶವನ್ನು ಕೊಡಬೇಕು.

ಮನೆಗಳಿಗೆ ನೀಡುವ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಐಪಿ ವಿಳಾಸವು ಆಗಾಗ ಬದಲಾಗುವುದೂ, 25ನೆಯ ಪೋರ್ಟ್ ಮೂಲಕ ಹೊರಹೋಗುವ ಸಂಚಾರಕ್ಕೆ ತಡೆಯಿರುವುದೂ ಸಾಮಾನ್ಯ. ಅರೆಕೆರೆಯ ಮನೆಯೊಂದರಲ್ಲಿ ಸ್ವಂತ ಮಿಂಚಂಚೆ ಸರ್ವರ್ ಸ್ಥಾಪಿಸಿದವರು ಉಳಿದೆಲ್ಲ ದಾಖಲೆಗಳನ್ನು ಸರಿಯಾಗಿ ಬರೆದಿದ್ದರೂ ಈ ಕಾರಣದಿಂದಲೇ ವಿಫಲರಾಗಬಹುದು. ಸ್ಥಿರ ಐಪಿ ವಿಳಾಸ ಪಡೆಯುವುದು, ಇಲ್ಲವೇ ಬೇರೊಂದು ಸರ್ವರ್ ಮೂಲಕ ಸಂದೇಶಗಳನ್ನು ಸಾಗಿಸುವುದು ಇದಕ್ಕೆ ಪರಿಹಾರ.

ಎಸ್‌ಪಿಎಫ್ ದಾಖಲೆ

ಎಸ್‌ಪಿಎಫ್ ದಾಖಲೆಯು ಒಂದು ಡೊಮೈನ್‌ನ ಹೆಸರಿನಲ್ಲಿ ಸಂದೇಶ ಕಳುಹಿಸಬಹುದಾದ ಸರ್ವರ್‌ಗಳ ಪಟ್ಟಿ. ಇದು 2006ರಲ್ಲಿ ಮೊದಲು ಪ್ರಕಟವಾಗಿ, 2014ರ ಆರ್‌ಎಫ್‌ಸಿ 7208ರಲ್ಲಿ ಪರಿಷ್ಕೃತವಾಯಿತು. ಪಠ್ಯವನ್ನು ಹಿಡಿದಿಡುವ ಟಿಎಕ್ಸ್‌ಟಿ ದಾಖಲೆಯ ರೂಪದಲ್ಲಿ ಇದನ್ನು ಬರೆಯಲಾಗುತ್ತದೆ. ಪಟ್ಟಿಯ ಕೊನೆಯಲ್ಲಿ ಬರುವ ‘ಆಲ್’ ಎಂಬ ಪದವು ಉಳಿದ ಎಲ್ಲ ಸರ್ವರ್‌ಗಳನ್ನು ಸೂಚಿಸುತ್ತದೆ. ಅದರ ಮುಂದೆ ಕಳೆಯುವ ಚಿಹ್ನೆಯಿದ್ದರೆ ಅವುಗಳಿಗೆ ಅಧಿಕಾರವಿಲ್ಲವೆಂದೂ, ಅಲೆಗೆರೆಯಿದ್ದರೆ ಅವು ಸಂದೇಹಾಸ್ಪದವೆಂದೂ ಅರ್ಥ. ಕೂಡುವ ಚಿಹ್ನೆಯಿದ್ದರೆ ಲೋಕದ ಯಾವ ಸರ್ವರ್ ಬೇಕಾದರೂ ಆ ಹೆಸರನ್ನು ಬಳಸಬಹುದೆಂದಾಗುವುದರಿಂದ ದಾಖಲೆಯ ಉದ್ದೇಶವೇ ನಷ್ಟವಾಗುತ್ತದೆ.

ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಹೊಸ ಸೇವೆಯೊಂದನ್ನು ಸೇರಿಸುವಾಗ ಹಳೆಯ ದಾಖಲೆಯನ್ನು ತಿದ್ದದೆ ಎರಡನೆಯದನ್ನು ಬರೆದರೆ ಎರಡೂ ಅಸಿಂಧುವಾಗುತ್ತವೆ. ದಾಖಲೆಯನ್ನು ಓದುವಾಗ ಬೇಕಾಗುವ ಹೆಚ್ಚುವರಿ ಡಿಎನ್‌ಎಸ್ ಹುಡುಕಾಟಗಳು 10ನ್ನು ಮೀರಬಾರದು. ಅನ್ಯ ಸೇವಾದಾತರ ಪಟ್ಟಿಗಳನ್ನು ಒಳಗೊಳ್ಳುತ್ತ ಹೋದಂತೆ ಈ ಮಿತಿಯು ಅರಿವಿಗೆ ಬಾರದೆ ಮೀರಿಹೋಗುವುದುಂಟು. ನೇರವಾಗಿ ಬರೆದ ಐಪಿ ವಿಳಾಸಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಡಿಕಿಮ್ ದಾಖಲೆ

ಡಿಕಿಮ್ ಪದ್ಧತಿಯಲ್ಲಿ ಕಳುಹಿಸುವ ಸರ್ವರ್ ಪ್ರತಿ ಸಂದೇಶಕ್ಕೂ ಒಂದು ಗುಪ್ತ ಕೀಲಿಯಿಂದ ಡಿಜಿಟಲ್ ಸಹಿ ಹಾಕುತ್ತದೆ. ಅದಕ್ಕೆ ಜೊತೆಯಾದ ಸಾರ್ವಜನಿಕ ಕೀಲಿಯನ್ನು ಡಿಎನ್‌ಎಸ್‌ನಲ್ಲಿ ಪ್ರಕಟಿಸಲಾಗಿರುತ್ತದೆ. ಸ್ವೀಕರಿಸುವವರು ಆ ಕೀಲಿಯಿಂದ ಸಹಿಯನ್ನು ಪರೀಕ್ಷಿಸಿ, ಸಹಿ ಮಾಡಿದ ಭಾಗಗಳು ದಾರಿಯಲ್ಲಿ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಯಾಹೂ ಮತ್ತು ಸಿಸ್ಕೊ ಕಂಪನಿಗಳ ಎರಡು ಪ್ರತ್ಯೇಕ ಪ್ರಸ್ತಾವಗಳು ಕೂಡಿ 2007ರಲ್ಲಿ ಈ ಪ್ರಮಾಣವು ರೂಪುಗೊಂಡಿತು. 2011ರ ಆರ್‌ಎಫ್‌ಸಿ 6376 ಅದರ ಪರಿಷ್ಕೃತ ರೂಪ.

ಸಹಿ ಹಾಕುವವರು ಕನಿಷ್ಠ 1024 ಬಿಟ್‌ಗಳ ಆರ್‌ಎಸ್‌ಎ ಕೀಲಿಯನ್ನು ಬಳಸಲೇಬೇಕು, 2048 ಬಿಟ್‌ಗಳದನ್ನು ಬಳಸುವುದು ಯುಕ್ತ ಎಂಬುದು 2018ರ ನಿಯಮ. ಟಿಎಕ್ಸ್‌ಟಿ ದಾಖಲೆಯ ಒಂದು ತುಣುಕಿನಲ್ಲಿ 255 ಅಕ್ಷರಗಳಿಗಿಂತ ಹೆಚ್ಚು ಹಿಡಿಸುವುದಿಲ್ಲವಾದ್ದರಿಂದ 2048 ಬಿಟ್‌ಗಳ ಕೀಲಿಯನ್ನು ತುಣುಕುಗಳಾಗಿ ಬರೆಯಬೇಕಾಗುತ್ತದೆ. ನಕಲು ಮಾಡುವಾಗ ಕೀಲಿಯ ಬಾಲ ತುಂಡಾಗುವುದು, ನಡುವೆ ಉದ್ಧರಣ ಚಿಹ್ನೆಯೊಂದು ಸೇರಿಕೊಳ್ಳುವುದು ಡಿಕಿಮ್ ವೈಫಲ್ಯದ ಸಾಮಾನ್ಯ ಕಾರಣಗಳು.

ಡಿಮಾರ್ಕ್ ದಾಖಲೆ

ಅಂಚೆಯ ಕಾಗದದಲ್ಲಿ ಲಕೋಟೆಯ ಮೇಲೆ ಒಂದು ವಿಳಾಸ, ಒಳಗಿನ ಪತ್ರದಲ್ಲಿ ಇನ್ನೊಂದು ವಿಳಾಸ ಇರಬಹುದಾದಂತೆ ಮಿಂಚಂಚೆಗೂ ಎರಡು ಕಳುಹಿಸುವವರ ವಿಳಾಸಗಳಿವೆ. ಎಸ್‌ಪಿಎಫ್ ಪರೀಕ್ಷಿಸುವುದು ಲಕೋಟೆಯ ವಿಳಾಸವನ್ನು. ಓದುಗರ ಕಣ್ಣಿಗೆ ಬೀಳುವುದು ಪತ್ರದೊಳಗಿನ ವಿಳಾಸ. ವಂಚಕರು ಈ ಅಂತರವನ್ನು ಬಳಸಿಕೊಳ್ಳುತ್ತಾರೆ. ಎಸ್‌ಪಿಎಫ್ ಅಥವಾ ಡಿಕಿಮ್ ಪರೀಕ್ಷೆಯಲ್ಲಿ ಉತ್ತೀರ್ಣವಾದ ಡೊಮೈನ್ ಹೆಸರು ಓದುಗರಿಗೆ ಕಾಣುವ ಹೆಸರಿನೊಡನೆ ಹೊಂದಿಕೆಯಾಗಬೇಕೆಂದು ಡಿಮಾರ್ಕ್ ವಿಧಿಸುತ್ತದೆ. ಎರಡರಲ್ಲಿ ಒಂದು ಹೊಂದಿಕೆಯಾದರೆ ಸಾಕು. ಹೊಂದಿಕೆಯಾಗದಿದ್ದರೆ ಏನು ಮಾಡಬೇಕೆಂಬುದಕ್ಕೆ ಡೊಮೈನ್‌ನ ಒಡೆಯನು ಮೂರು ಸೂಚನೆಗಳಲ್ಲಿ ಒಂದನ್ನು ಕೊಡಬಹುದು: ಸುಮ್ಮನೆ ಗಮನಿಸಿ, ಪ್ರತ್ಯೇಕವಾಗಿಡಿ, ಅಥವಾ ತಿರಸ್ಕರಿಸಿ. 2015ರ ಆರ್‌ಎಫ್‌ಸಿ 7489 ಇದನ್ನು ವಿವರಿಸುತ್ತದೆ.

2024ರ ಫೆಬ್ರವರಿಯಿಂದ ಗೂಗಲ್ ಸಂಸ್ಥೆಯು ಜಿಮೇಲ್ ಖಾತೆಗಳಿಗೆ ದಿನಕ್ಕೆ 5000 ಅಥವಾ ಹೆಚ್ಚು ಸಂದೇಶಗಳನ್ನು ಕಳುಹಿಸುವವರಿಗೆ ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ಮೂರನ್ನೂ ಕಡ್ಡಾಯಗೊಳಿಸಿತು. ಯಾಹೂ ಕೂಡ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ಇಂಥದೇ ನಿಯಮವನ್ನು ತಂದಿತು. ಕಡಿಮೆ ಸಂದೇಶಗಳನ್ನು ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್‌ಗಳಲ್ಲಿ ಒಂದಾದರೂ ಇರಬೇಕೆಂದು, ಪಿಟಿಆರ್ ದಾಖಲೆ ಸರಿಯಿರಬೇಕೆಂದು ಗೂಗಲ್ ನಿಯಮವು ಹೇಳುತ್ತದೆ.

ದೋಷ ಪತ್ತೆ

ಮರಳಿ ಬಂದ ಸಂದೇಶದ ಓದು

ತಲುಪದ ಸಂದೇಶವು ಮರಳಿ ಬರುವಾಗ ಅದರೊಡನೆ ಕಾರಣವನ್ನು ತಿಳಿಸುವ ಸಂಖ್ಯೆಯೂ ಬರುತ್ತದೆ. 4ರಿಂದ ಆರಂಭವಾಗುವ ಸಂಖ್ಯೆಯು ತಾತ್ಕಾಲಿಕ ಅಡಚಣೆಯನ್ನೂ, 5ರಿಂದ ಆರಂಭವಾಗುವ ಸಂಖ್ಯೆಯು ಶಾಶ್ವತ ನಿರಾಕರಣೆಯನ್ನೂ ಸೂಚಿಸುತ್ತವೆ. ತಾತ್ಕಾಲಿಕ ಅಡಚಣೆಯಾದರೆ ಕಳುಹಿಸುವ ಸರ್ವರ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4ರಿಂದ 5 ದಿನ ಪ್ರಯತ್ನಿಸಬೇಕೆಂದು ಎಸ್‌ಎಂಟಿಪಿ ಪ್ರಮಾಣವು ಸೂಚಿಸುತ್ತದೆ. ಸಂದೇಶವು ತಲುಪಲಿಲ್ಲವೆಂಬ ಸುದ್ದಿ ಕೆಲವೊಮ್ಮೆ ಹಲವು ದಿನಗಳ ಮೇಲೆ ಬರುವುದು ಇದರಿಂದಲೇ. ಡಿಎನ್‌ಎಸ್‌ಗೆ ಸಂಬಂಧಿಸಿದ ಮುಖ್ಯ ಸಂಖ್ಯೆಗಳು ಇವು:

- 5.1.1: ಆ ಹೆಸರಿನ ಅಂಚೆಪೆಟ್ಟಿಗೆ ಇಲ್ಲ.
- 5.1.2: ವಿಳಾಸದಲ್ಲಿರುವ ಡೊಮೈನ್ ಸಿಗಲಿಲ್ಲ, ಅಥವಾ ಅದು ಮಿಂಚಂಚೆ ಸ್ವೀಕರಿಸುವುದಿಲ್ಲ.
- 5.4.4: ಸಂದೇಶಕ್ಕೆ ಮುಂದಿನ ದಾರಿ ಕಾಣಲಿಲ್ಲ.
- 5.7.20: ಉತ್ತೀರ್ಣವಾದ ಡಿಕಿಮ್ ಸಹಿ ಇಲ್ಲ.
- 5.7.23: ಎಸ್‌ಪಿಎಫ್ ಪರೀಕ್ಷೆ ವಿಫಲವಾಗಿದೆ.
- 5.7.25: ಪಿಟಿಆರ್ ಪರೀಕ್ಷೆ ವಿಫಲವಾಗಿದೆ.
- 5.7.26: ಒಂದಕ್ಕಿಂತ ಹೆಚ್ಚು ದೃಢೀಕರಣ ಪರೀಕ್ಷೆಗಳು ವಿಫಲವಾಗಿವೆ.

ಸಂದೇಶವು ಮರಳದೆ ಸ್ಪ್ಯಾಮ್ ಪೆಟ್ಟಿಗೆಗೆ ಸೇರಿದ್ದರೆ ಸ್ವೀಕರಿಸಿದವರ ಸಹಾಯದಿಂದ ಅದರ ತಲೆಬರಹಗಳನ್ನು ಓದಬೇಕು. ಜಿಮೇಲ್‌ನಲ್ಲಿ ಸಂದೇಶದ ಮೂಲರೂಪವನ್ನು ತೋರಿಸುವ ಆಯ್ಕೆಯನ್ನು ಒತ್ತಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಪರೀಕ್ಷೆಗಳ ಫಲಿತಾಂಶವು ಪುಟದ ಮೇಲ್ಭಾಗದಲ್ಲಿಯೇ ಕಾಣುತ್ತದೆ.

ಪರಿಶೀಲನೆಯ ಕ್ರಮ

ದಾಖಲೆಗಳನ್ನು ನೋಡಲು ವಿಂಡೋಸ್‌ನಲ್ಲಿ ‘ಎನ್‌ಎಸ್‌ಲುಕಪ್’, ಲಿನಕ್ಸ್‌ನಲ್ಲಿ ‘ಡಿಗ್’ ಎಂಬ ಆದೇಶಗಳನ್ನು ಬಳಸಲಾಗುತ್ತದೆ. ಪರಿಶೀಲನೆಯನ್ನು ಸಾಮಾನ್ಯವಾಗಿ ಈ ಕ್ರಮದಲ್ಲಿ ನಡೆಸಲಾಗುತ್ತದೆ:

1. ಡೊಮೈನ್ ನೋಂದಣಿಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಅವಧಿ ಮುಗಿದಿದ್ದರೆ ಉಳಿದ ಪರೀಕ್ಷೆಗಳಿಗೆ ಅರ್ಥವಿಲ್ಲ.
2. ನೋಂದಣಿಯಲ್ಲಿರುವ ನೇಮ್ ಸರ್ವರ್ ಮತ್ತು ದಾಖಲೆಗಳನ್ನು ತಿದ್ದುತ್ತಿರುವ ನೇಮ್ ಸರ್ವರ್ ಒಂದೇ ಎಂದು ನೋಡುವುದು. ಬಳಕೆಯಲ್ಲಿಲ್ಲದ ನೇಮ್ ಸರ್ವರ್‌ನಲ್ಲಿ ಮಾಡಿದ ತಿದ್ದುಪಡಿ ಯಾರಿಗೂ ಕಾಣುವುದಿಲ್ಲ.
3. ಎಂಎಕ್ಸ್ ಮತ್ತು ಎ ದಾಖಲೆಗಳನ್ನು ಕಚೇರಿಯ ಹೊರಗಿನ ಸಂಪರ್ಕವೊಂದರಿಂದ ಕೇಳುವುದು. ಕೆಲವು ಕಚೇರಿಗಳಲ್ಲಿ ಒಳಗಿನವರಿಗೆ ಒಂದು ಉತ್ತರ, ಹೊರಗಿನವರಿಗೆ ಇನ್ನೊಂದು ಉತ್ತರ ದೊರೆಯುವ ಏರ್ಪಾಡಿರುತ್ತದೆ.
4. ಹೊರಹೋಗುವ ಸಂದೇಶವು ನಿಜವಾಗಿ ಯಾವ ಐಪಿ ವಿಳಾಸದಿಂದ ಹೋಗುತ್ತಿದೆ ಎಂದು ತಲೆಬರಹದಿಂದ ತಿಳಿದು, ಅದರ ಪಿಟಿಆರ್ ದಾಖಲೆಯನ್ನು ನೋಡುವುದು. ಸರ್ವರ್‌ಗೆ ಐಪಿ ಆರನೆಯ ಆವೃತ್ತಿಯ ವಿಳಾಸವೂ ಇದ್ದರೆ ಅದಕ್ಕೂ ಪಿಟಿಆರ್ ಮತ್ತು ಎಸ್‌ಪಿಎಫ್ ನಮೂದುಗಳು ಬೇಕು.
5. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಪರೀಕ್ಷಿಸುವುದು.
6. ಒಂದು ಬಾರಿಗೆ ಒಂದೇ ತಿದ್ದುಪಡಿ ಮಾಡಿ, ಹಳೆಯ ಮೌಲ್ಯವನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳುವುದು.

ಸ್ಪ್ಯಾಮ್ ಕಳುಹಿಸುವ ವಿಳಾಸಗಳ ನಿಷೇಧಪಟ್ಟಿಗಳನ್ನೂ ಡಿಎನ್‌ಎಸ್ ಮೂಲಕವೇ ಕೇಳಲಾಗುತ್ತದೆ. ಇಂತಹ ಪಟ್ಟಿಗಳಲ್ಲಿ ಒಂದಾದ ಸ್ಪ್ಯಾಮ್‌ಹೌಸ್, ಸಾರ್ವಜನಿಕ ಡಿಎನ್‌ಎಸ್ ಸೇವೆಗಳ ಮೂಲಕ ಬಂದ ಪ್ರಶ್ನೆಗಳಿಗೆ 127.255.255.254 ಎಂಬ ವಿಶೇಷ ಉತ್ತರವನ್ನು ಕೊಡುತ್ತದೆ. ಆ ಉತ್ತರವನ್ನು ನಿಷೇಧವೆಂದು ತಪ್ಪಾಗಿ ತಿಳಿದ ಸರ್ವರ್ ಬರುವ ಎಲ್ಲ ಸಂದೇಶಗಳನ್ನೂ ತಿರಸ್ಕರಿಸತೊಡಗಬಹುದು.

ಒಂದು ನಿದರ್ಶನ

ಮೇಲೆ ಕಲ್ಪಿಸಿದ ಶಾಲೆಯು ತನ್ನ ಜಾಲತಾಣವನ್ನು ಹೊಸ ಕಂಪನಿಯೊಂದಕ್ಕೆ ವಹಿಸಿತೆಂದು ಭಾವಿಸಬಹುದು. ಆ ಕಂಪನಿಯು ನೇಮ್ ಸರ್ವರನ್ನು ಬದಲಿಸಿ, ಜಾಲತಾಣಕ್ಕೆ ಬೇಕಾದ ಎ ದಾಖಲೆಯನ್ನು ಮಾತ್ರ ಬರೆಯಿತು. ಹಳೆಯ ನೇಮ್ ಸರ್ವರ್‌ನಲ್ಲಿದ್ದ ಎಂಎಕ್ಸ್, ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆಗಳು ಹೊಸದಕ್ಕೆ ಬರಲಿಲ್ಲ. ಜಾಲತಾಣ ಸೊಗಸಾಗಿ ತೆರೆದುಕೊಳ್ಳುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಎಂಎಕ್ಸ್ ಇಲ್ಲದ ಕಾರಣ ಪೋಷಕರ ಸಂದೇಶಗಳು ಜಾಲತಾಣದ ಸರ್ವರ್‌ಗೆ ಹೋಗುತ್ತವೆ. ಅಲ್ಲಿ ಶಾಲೆಯ ಅಂಚೆಪೆಟ್ಟಿಗೆಗಳು ಇಲ್ಲವಾದ್ದರಿಂದ ಅವು 5.1.1 ಸಂಖ್ಯೆಯೊಡನೆ ಮರಳುತ್ತವೆ. ಆ ಸಂಖ್ಯೆಯನ್ನು ನೋಡಿದವರು ವಿಳಾಸವನ್ನು ತಪ್ಪಾಗಿ ಬರೆದೆವೆಂದು ಭಾವಿಸುತ್ತಾರೆ. ಶಾಲೆಯವರು ಅಂಚೆಪೆಟ್ಟಿಗೆಯನ್ನು ಪರೀಕ್ಷಿಸಿ ಅದು ಸರಿಯಾಗಿದೆ ಎನ್ನುತ್ತಾರೆ. ಹಳೆಯ ಉತ್ತರವನ್ನು ಇನ್ನೂ ನೆನಪಿಟ್ಟುಕೊಂಡಿರುವ ಸರ್ವರ್‌ಗಳಿಂದ ಹೊರಟ ಸಂದೇಶಗಳು ಒಂದೆರಡು ದಿನ ತಲುಪುತ್ತಲೇ ಇರುವುದರಿಂದ ಗೊಂದಲ ಹೆಚ್ಚುತ್ತದೆ. ಇತ್ತ ಶಾಲೆಯಿಂದ ಹೊರಟ ಪ್ರವೇಶಪತ್ರಗಳು ಎಸ್‌ಪಿಎಫ್ ಮತ್ತು ಡಿಕಿಮ್‌ಗಳ ಬೆಂಬಲವಿಲ್ಲದೆ ಸ್ಪ್ಯಾಮ್ ಪೆಟ್ಟಿಗೆ ಸೇರುತ್ತವೆ. ಶುಲ್ಕ ಕಟ್ಟುವ ಕೊನೆಯ ದಿನ ಕಳೆದ ಮೇಲೆ ಪೋಷಕರು ಪತ್ರ ಬರಲೇ ಇಲ್ಲವೆಂದರೆ, ಶಾಲೆಯು ಕಳುಹಿಸಿದ್ದೇವೆಂದು ದಾಖಲೆ ತೋರಿಸುತ್ತದೆ. ಇಬ್ಬರ ಮಾತೂ ನಿಜವೇ.

ಮೇಲೆ ಹೇಳಿದ ಕ್ರಮದ ಎರಡನೆಯ ಮತ್ತು ಮೂರನೆಯ ಹೆಜ್ಜೆಗಳು ಈ ದೋಷವನ್ನು ಕೂಡಲೇ ಬಯಲು ಮಾಡುತ್ತವೆ. ನೇಮ್ ಸರ್ವರ್ ಬದಲಿಸುವ ಮುನ್ನ ಹಳೆಯ ವಲಯದ ಎಲ್ಲ ದಾಖಲೆಗಳ ಪೂರ್ಣ ಪ್ರತಿಯನ್ನು ತೆಗೆದಿಟ್ಟುಕೊಳ್ಳುವುದರಿಂದ ಇದನ್ನು ತಪ್ಪಿಸಬಹುದು.

ಬದಲಾವಣೆ ಮತ್ತು ಕಾಲಾವಧಿ

ಪ್ರತಿ ದಾಖಲೆಗೂ ಅದನ್ನು ಎಷ್ಟು ಸೆಕೆಂಡು ನೆನಪಿನಲ್ಲಿಡಬಹುದೆಂದು ಹೇಳುವ ಟಿಟಿಎಲ್ ಎಂಬ ಅವಧಿ ಇರುತ್ತದೆ. 86400 ಎಂದಿದ್ದರೆ ಒಂದು ದಿನ, 300 ಎಂದಿದ್ದರೆ ಐದು ನಿಮಿಷ. ಸರ್ವರ್ ಬದಲಿಸಲು ನಿಶ್ಚಯಿಸಿದವರು ಅದಕ್ಕೆ ಒಂದೆರಡು ದಿನ ಮೊದಲೇ ಈ ಅವಧಿಯನ್ನು ತಗ್ಗಿಸುತ್ತಾರೆ. ಬದಲಾವಣೆಯ ದಿನವೇ ತಗ್ಗಿಸಿದರೆ ಹಳೆಯ ದೀರ್ಘಾವಧಿಯ ಉತ್ತರಗಳು ಆಗಲೇ ಹಂಚಿಹೋಗಿರುತ್ತವೆ. ದಾಖಲೆ ಇಲ್ಲವೆಂಬ ಉತ್ತರವನ್ನೂ ಕೆಲವು ಕಾಲ ನೆನಪಿಡಲಾಗುತ್ತದೆ. ಆದುದರಿಂದ ಬಿಟ್ಟುಹೋದ ದಾಖಲೆಯನ್ನು ಬರೆದ ಮರುಕ್ಷಣವೇ ಅದು ಎಲ್ಲರಿಗೂ ಕಾಣಬೇಕೆಂದಿಲ್ಲ. ಹಳೆಯ ಸರ್ವರನ್ನು ಕೆಲವು ದಿನ ಚಾಲನೆಯಲ್ಲಿಡುವುದು ರೂಢಿ.

ವಲಯ ಕಡತವನ್ನು ಕೈಯಿಂದ ಬರೆಯುವಲ್ಲಿ ಹೆಸರಿನ ಕೊನೆಯ ಚುಕ್ಕೆಯನ್ನು ಮರೆಯುವುದು ಇನ್ನೊಂದು ಸಾಮಾನ್ಯ ದೋಷ. ಚುಕ್ಕೆಯಿಲ್ಲದ ಹೆಸರಿಗೆ ವಲಯದ ಹೆಸರು ತಾನಾಗಿ ಸೇರಿಕೊಳ್ಳುವುದರಿಂದ ‘ಅಂಚೆ.ಮಾದರಿಶಾಲೆ.ಭಾರತ’ ಎಂಬುದು ‘ಅಂಚೆ.ಮಾದರಿಶಾಲೆ.ಭಾರತ.ಮಾದರಿಶಾಲೆ.ಭಾರತ’ ಎಂದಾಗುತ್ತದೆ.

ಕನ್ನಡ ಲಿಪಿಯ ಡೊಮೈನ್ ಹೆಸರುಗಳು

‘ಡಾಟ್ ಭಾರತ’ ಎಂಬ ತುದಿಯ ಹೆಸರು ಕನ್ನಡ ಲಿಪಿಯಲ್ಲಿಯೂ ಲಭ್ಯವಿದೆ. ಇದನ್ನೂ ನಿಕ್ಸಿ ನಿರ್ವಹಿಸುತ್ತದೆ. ಡಿಎನ್‌ಎಸ್‌ನ ಒಳಗೆ ಕನ್ನಡದ ಅಕ್ಷರಗಳು ನೇರವಾಗಿ ಇರುವುದಿಲ್ಲ. ಪ್ಯೂನಿಕೋಡ್ ಎಂಬ ವಿಧಾನದಿಂದ ಅವುಗಳನ್ನು ರೋಮನ್ ಅಕ್ಷರ ಮತ್ತು ಅಂಕಿಗಳ ಸಾಲಾಗಿ ಪರಿವರ್ತಿಸಲಾಗುತ್ತದೆ. ‘ಎಕ್ಸ್‌ಎನ್’ ಎಂಬ ಎರಡು ಅಕ್ಷರಗಳು ಮತ್ತು ಎರಡು ಅಡ್ಡಗೆರೆಗಳಿಂದ ಈ ಸಾಲು ಆರಂಭವಾಗುತ್ತದೆ. ಎಂಎಕ್ಸ್ ಮುಂತಾದ ದಾಖಲೆಗಳನ್ನು ಈ ರೂಪದ ಹೆಸರಿಗೇ ಬರೆಯಬೇಕು.

ಕನ್ನಡದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಡಿಎನ್‌ಎಸ್‌ಗೆ ಬೇರೆ ಬೇರೆಯಾಗಿರಬಹುದು. ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವುದು ಇದಕ್ಕೆ ಸರಳ ಉದಾಹರಣೆ: ‘ಅಂಚೆ’ ಮತ್ತು ‘ಅ೦ಚೆ’ ಎರಡೂ ಒಂದೇ ಎಂದು ತೋರಿದರೂ ಎರಡನೆಯದರಲ್ಲಿ ಇರುವುದು ಸೊನ್ನೆ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಒತ್ತಕ್ಷರ ಮೂಡದಂತೆ ತಡೆಯಲು ಬಳಸುವ ಅಗೋಚರ ಚಿಹ್ನೆಯದೂ ಇದೇ ಸಮಸ್ಯೆ. 2003ರ ಹಳೆಯ ನಿಯಮವು ಈ ಚಿಹ್ನೆಯನ್ನು ಅಳಿಸಿಹಾಕುತ್ತಿತ್ತು. 2010ರ ನಿಯಮವು ಅರ್ಧಾಕ್ಷರದ ನಂತರ ಅದಕ್ಕೆ ಅವಕಾಶ ಕೊಟ್ಟಿದೆ. ಎರಡು ನಿಯಮಗಳನ್ನು ಪಾಲಿಸುವ ಎರಡು ತಂತ್ರಾಂಶಗಳು ಒಂದೇ ಹೆಸರಿನಿಂದ ಎರಡು ಬೇರೆ ಡೊಮೈನ್‌ಗಳನ್ನು ಹುಡುಕಬಹುದು. ಕನ್ನಡ ಮತ್ತು ತೆಲುಗು ಲಿಪಿಗಳ ಕೆಲವು ಅಕ್ಷರಗಳು ಒಂದನ್ನೊಂದು ಬಹುವಾಗಿ ಹೋಲುವುದರಿಂದ ತುದಿಯ ಹೆಸರುಗಳ ನಿಯಮಾವಳಿಯಲ್ಲಿ ಅವುಗಳನ್ನು ಪರಸ್ಪರ ರೂಪಾಂತರಗಳೆಂದು ಪರಿಗಣಿಸಲಾಗಿದೆ.

ವಿಳಾಸದಲ್ಲಿ ಡೊಮೈನ್ ಮಾತ್ರ ಕನ್ನಡದಲ್ಲಿದ್ದರೆ ಪ್ಯೂನಿಕೋಡ್ ರೂಪದ ಮೂಲಕ ಹಳೆಯ ಸರ್ವರ್‌ಗಳೂ ಸಂದೇಶವನ್ನು ಸಾಗಿಸಬಲ್ಲವು. ಬಳಕೆದಾರರ ಹೆಸರೂ ಕನ್ನಡದಲ್ಲಿದ್ದರೆ 2012ರ ಆರ್‌ಎಫ್‌ಸಿ 6531 ವಿವರಿಸುವ ಎಸ್‌ಎಂಟಿಪಿ ಯುಟಿಎಫ್ 8 ಎಂಬ ವಿಸ್ತರಣೆಯನ್ನು ದಾರಿಯ ಪ್ರತಿಯೊಂದು ಸರ್ವರ್ ಬೆಂಬಲಿಸಬೇಕು. ಒಂದು ಸರ್ವರ್ ಬೆಂಬಲಿಸದಿದ್ದರೂ, ಡಿಎನ್‌ಎಸ್ ದಾಖಲೆಗಳೆಲ್ಲ ಸರಿಯಾಗಿದ್ದರೂ, ಸಂದೇಶವು ಮರಳುತ್ತದೆ. ಇಂತಹ ವಿಳಾಸಗಳಿಗೆ ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ಪರೀಕ್ಷೆಗಳನ್ನು ಅನ್ವಯಿಸುವ ಬಗೆಯನ್ನು 2019ರ ಆರ್‌ಎಫ್‌ಸಿ 8616 ತಿಳಿಸುತ್ತದೆ.

ಮಿತಿಗಳು

ಡಿಎನ್‌ಎಸ್ ದಾಖಲೆಗಳು ಕಳುಹಿಸಿದವರ ಗುರುತನ್ನು ದೃಢಪಡಿಸುತ್ತವೆ, ಅವರ ಉದ್ದೇಶವನ್ನಲ್ಲ. ವಂಚಕನು ತನ್ನದೇ ಡೊಮೈನ್ ಕೊಂಡು ಎಲ್ಲ ದಾಖಲೆಗಳನ್ನು ಸರಿಯಾಗಿ ಬರೆಯಬಲ್ಲನು. ಸಂದೇಶವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ತಾನಾಗಿ ಮುಂದೂಡುವ ಏರ್ಪಾಡಿದ್ದಲ್ಲಿ ಮಧ್ಯದ ಸರ್ವರ್ ಮೂಲ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಎಸ್‌ಪಿಎಫ್ ವಿಫಲವಾಗುವುದುಂಟು. ಗುಂಪಿನ ಅಂಚೆಪಟ್ಟಿಗಳು ಸಂದೇಶದ ಕೊನೆಯಲ್ಲಿ ಒಂದು ಸಾಲು ಸೇರಿಸಿದರೂ ಡಿಕಿಮ್ ಸಹಿ ಮುರಿಯಬಹುದು. ಈ ಕಾರಣಗಳಿಂದ ಡಿಮಾರ್ಕ್ ದಾಖಲೆಯಲ್ಲಿ ಮೊದಲು ಗಮನಿಸುವ ಸೂಚನೆಯನ್ನಷ್ಟೇ ಬರೆದು, ಸ್ವೀಕರಿಸುವವರಿಂದ ಬರುವ ವರದಿಗಳನ್ನು ಕೆಲವು ವಾರ ಓದಿ, ನ್ಯಾಯವಾದ ಎಲ್ಲ ಮೂಲಗಳೂ ಉತ್ತೀರ್ಣವಾಗುತ್ತಿವೆಯೆಂದು ಕಂಡ ಮೇಲೆ ತಿರಸ್ಕರಿಸುವ ಸೂಚನೆಗೆ ಏರುವುದು ವಾಡಿಕೆ. ಆತುರದಿಂದ ಏರಿದರೆ ಸಂಸ್ಥೆಯು ತನ್ನದೇ ಪತ್ರಗಳನ್ನು ತಿರಸ್ಕರಿಸುವಂತೆ ಲೋಕಕ್ಕೆ ಹೇಳಿದಂತಾಗುತ್ತದೆ.

ಇವನ್ನೂ ನೋಡಿ

- ಡೊಮೈನ್ ನೇಮ್ ಸಿಸ್ಟಮ್
- ಇ-ಮೇಲ್
- ಐಪಿ ವಿಳಾಸ
- ಸ್ಪ್ಯಾಮ್
- ಯೂನಿಕೋಡ್
- ಭಾರತೀಯ ವಿಜ್ಞಾನ ಸಂಸ್ಥೆ